ಕಳುಹಿಸಿದವರು, ಬಾರದವರು: ಮದರ್ ವೆರೋನಿಕಾ (1823–1906)

ಮುಂದೆ ಮದರ್ ವೆರೋನಿಕಾ ಆದ ಸೋಫಿ ಲೀವ್ಸ್ ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಆಂಗ್ಲಿಕನ್ ಪಾದ್ರಿಯ ಮಗಳಾಗಿ. 1850ರಲ್ಲಿ ಮಾಲ್ಟಾದಲ್ಲಿ ಆಕೆ ಕ್ಯಾಥೊಲಿಕ್ ಸಭೆ ಸೇರಿದರು. ಪ್ರಾಟೆಸ್ಟಂಟ್ ಮನೆತನದ ಮಗಳಿಗೆ ಅದು ಸಣ್ಣ ನಿರ್ಧಾರವಾಗಿರಲಿಲ್ಲ. ಮರುವರ್ಷ ಸನ್ಯಾಸಿನಿಯಾದರು, 1862ರಲ್ಲಿ ಹಡಗು ಹತ್ತಿ ಕಲ್ಲಿಕೋಟೆಗೆ ಬಂದರು.

ಕಾರ್ಮೆಲ್ ಮಠದ ಸನ್ಯಾಸಿನಿಯರದು ಮೌನ, ಪ್ರಾರ್ಥನೆ, ಮುಚ್ಚಿದ ಬಾಗಿಲು. ಅದೇ ಧ್ಯಾನದ ಬದುಕನ್ನು ಶಾಲೆಯ ಕೋಣೆಗೆ ತರಬಾರದೇಕೆ ಎಂಬುದು ವೆರೋನಿಕಾ ಅವರ ಪ್ರಶ್ನೆ. ಮಂಗಳೂರಿನ ಬಿಷಪ್ ಮರೀ ಎಫ್ರೆಮ್ ಅವರ ಆಸೆಯೂ ಇದೇ ಆಗಿತ್ತು. ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ 1868ರ ಜುಲೈ 16ರಂದು ವೆರೋನಿಕಾ ಅಪೋಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಭೆಯನ್ನು ಆರಂಭಿಸಿದರು.

1870ರ ನವೆಂಬರ್‌ನಲ್ಲಿ ಅಲ್ಲಿ ತರಬೇತಾದ ಮೊದಲ ಸೋದರಿಯರು ಮಂಗಳೂರಿಗೆ ಬಂದಿಳಿದರು. ಸಂತ ಆನ್ನರ ಕಾನ್ವೆಂಟ್ ಅವರ ನೆಲೆಯಾಯಿತು; ಹೆಣ್ಣುಮಕ್ಕಳಿಗೆ ಪಾಠ ಹೇಳುವುದೇ ಮುಖ್ಯ ಕೆಲಸ. ಕಳುಹಿಸಿಕೊಟ್ಟ ವೆರೋನಿಕಾ ಮಾತ್ರ ಮತ್ತೆ ಭಾರತಕ್ಕೆ ಬರಲಿಲ್ಲ. ಬಯೋನ್‌ನ ಮನೆ ಬಹುಕಾಲ ಬಾಳಲಿಲ್ಲ. ಅವರು ಫ್ರಾನ್ಸಿನದೇ ಪೋ ಊರಿನ ಕಾರ್ಮೆಲ್ ಮಠಕ್ಕೆ ಹೋದರು, ಬೆತ್ಲೆಹೇಮಿನ ಮಠದಲ್ಲಿಯೂ ಹಲವು ವರ್ಷ ಇದ್ದರು.

ಇತ್ತ ಬೀಜ ಬೇರೂರಿತ್ತು. 1921ರಲ್ಲಿ ಇದೇ ಸಭೆಯ ಮದರ್ ಅಲೋಶಿಯಾ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದರು.

ವೆರೋನಿಕಾ 1906ರ ನವೆಂಬರ್ 16ರಂದು ಪೋ ಊರಿನಲ್ಲಿ ತೀರಿಕೊಂಡರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ‘ಪೂಜ್ಯರು’ ಎಂದು ಘೋಷಿಸಿದರು.