ರೂಪದಾಚೆಯ ಪ್ರೀತಿ: ಹದಿಹರೆಯದ ಕಾದಂಬರಿ ನಡೆದ ಹಾದಿ

ಮೃಗದ ರೂಪದಲ್ಲಿರುವವನನ್ನು ಹುಡುಗಿಯೊಬ್ಬಳು ಮನಸಾರೆ ಪ್ರೀತಿಸುತ್ತಾಳೆ. ಕೊನೆಗೆ ಅವನು ಸುಂದರ ರಾಜಕುಮಾರನಾಗುತ್ತಾನೆ. ಫ್ರಾನ್ಸಿನ ವಿಲ್ನವ್ 1740ರಲ್ಲಿ ಪ್ರಕಟಿಸಿದ, ಬೊಮೋಂ 1756ರಲ್ಲಿ ಚಿಕ್ಕದಾಗಿಸಿದ ‘ಬ್ಯೂಟಿ ಅಂಡ್ ದಿ ಬೀಸ್ಟ್’ ರೂಪಕ್ಕಿಂತ ಗುಣ ದೊಡ್ಡದು ಎನ್ನುತ್ತಲೇ, ಗುಣಕ್ಕೆ ಬಹುಮಾನವಾಗಿ ರೂಪವನ್ನೇ ಕೊಡುತ್ತದೆ. ಆ ಬಹುಮಾನದ ಹಂಗು ಬಿಡಲು ಕಲಿತದ್ದೇ ಅಮೆರಿಕದ ಹದಿಹರೆಯದ ಪ್ರೇಮ ಕಾದಂಬರಿಯ ದೊಡ್ಡ ಸಾಧನೆ.

ಮಾರೀನ್ ಡೇಲಿಯ ‘ಸೆವೆಂಟೀಂತ್ ಸಮ್ಮರ್’ (1942) ಮೊದಲ ಪ್ರೀತಿಯನ್ನು ಗಂಭೀರ ವಸ್ತುವಾಗಿಸಿತು. ನ್ಯಾನ್ಸಿ ಗಾರ್ಡನ್ ಅವರ ‘ಆ್ಯನಿ ಆನ್ ಮೈ ಮೈಂಡ್’ (1982) ಇಬ್ಬರು ಹುಡುಗಿಯರ ಪ್ರೀತಿಗೆ ಸುಖಾಂತ್ಯ ಕೊಟ್ಟಿತು. 1993ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ಅದರ ಪ್ರತಿಯನ್ನು ಸುಟ್ಟರು; ಒಲಾಥಿಯ ಶಾಲಾ ಗ್ರಂಥಾಲಯಗಳಿಂದ ತೆಗೆದಿದ್ದ ಪುಸ್ತಕವನ್ನು ಮರಳಿ ಇಡುವಂತೆ 1995ರಲ್ಲಿ ಫೆಡರಲ್ ನ್ಯಾಯಾಲಯ ಆದೇಶಿಸಿತು.

ಹಳೆಯ ಕಥೆಯ ಮರುಕಥನಗಳು ಮಾತ್ರ ಹಳೆಯ ಜಾಡು ಬಿಡಲಿಲ್ಲ. ರಾಬಿನ್ ಮೆಕಿನ್ಲಿಯ ‘ಬ್ಯೂಟಿ’ (1978), ಅಲೆಕ್ಸ್ ಫ್ಲಿನ್ ಅವರ ‘ಬೀಸ್ಟ್ಲಿ’ (2007) ಎರಡರಲ್ಲೂ ಮೃಗಕ್ಕೆ ಚೆಲುವು ಮರಳುತ್ತದೆ. ಸ್ಕಾಟ್ ವೆಸ್ಟರ್‌ಫೆಲ್ಡ್ ‘ಅಗ್ಲೀಸ್’ನಲ್ಲಿ (2005) ಬೇರೆಯದೇ ಪ್ರಶ್ನೆ ಎತ್ತಿದರು: ಹದಿನಾರು ತುಂಬಿದವರಿಗೆಲ್ಲ ಶಸ್ತ್ರಚಿಕಿತ್ಸೆ ಮಾಡಿ ಸುಂದರರಾಗಿಸುವ ಸಮಾಜದಲ್ಲಿ ಚೆಲುವಿನ ಅಳತೆಗೋಲು ಯಾರ ಕೈಯಲ್ಲಿದೆ?

ಡೇವಿಡ್ ಲೆವಿಥನ್ ಅವರ ‘ಎವ್ರಿ ಡೇ’ (2012) ಈ ಪ್ರಶ್ನೆಯನ್ನು ಕೊನೆಯವರೆಗೂ ಎಳೆಯಿತು. ‘ಎ’ ಎಂಬ ಜೀವಕ್ಕೆ ತನ್ನದೆನ್ನುವ ಮೈಯಿಲ್ಲ, ಹೆಣ್ಣು–ಗಂಡೆಂಬ ಗುರುತಿಲ್ಲ. ದಿನಕ್ಕೊಂದು ದೇಹದಲ್ಲಿ ಎಚ್ಚರವಾಗುತ್ತದೆ. ಜಸ್ಟಿನ್ ಎಂಬ ಹುಡುಗನ ಮೈಯಲ್ಲಿದ್ದ ದಿನ ಅವನ ಗೆಳತಿ ರಿಯಾನನ್‌ಳನ್ನು ಕಡಲತೀರಕ್ಕೆ ಕರೆದೊಯ್ದು, ಅವಳಿಗೆ ಮನಸೋಲುತ್ತದೆ. ನಿಜ ತಿಳಿದ ಮೇಲೆ ಅವಳೂ ಪ್ರೀತಿಸುತ್ತಾಳೆ. ಆದರೆ ಎದುರಿನ ಮೈ ಬದಲಾದಂತೆ ಅವಳ ಸಲಿಗೆ ಏರಿಳಿಯುತ್ತದೆ. ‘ಎ’ ತೀರಾ ದಪ್ಪ ಹುಡುಗನಾಗಿ ಬಂದ ದಿನ ಹತ್ತಿರ ಸುಳಿಯುವುದೇ ಕಷ್ಟವಾಗುತ್ತದೆ. ಆ ದಪ್ಪ ದೇಹವನ್ನು ಕಾದಂಬರಿ ಕಂಡ ರೀತಿಗೆ ಟೀಕೆ ಬಂತು, ಅದು ನ್ಯಾಯವಾದದ್ದೇ. ಎಲ್ಲ ಮೈಗಳಲ್ಲೂ ಮನುಷ್ಯನನ್ನು ಕಂಡ ಕೃತಿಗೆ ಆ ಒಂದು ಮೈಯ ಬಗ್ಗೆ ಕರುಣೆ ಹುಟ್ಟಲಿಲ್ಲ.

ಮುಂದಿನ ಲೇಖಕಿಯರು ದೇಹಕ್ಕೆ ಅದರ ಜಾಗ ಕೊಟ್ಟರು. ರೇನ್‌ಬೋ ರೊವೆಲ್ ಅವರ ‘ಎಲಿನಾರ್ ಅಂಡ್ ಪಾರ್ಕ್’ನಲ್ಲಿ (2013) ಶಾಲಾ ಬಸ್ಸಿನಲ್ಲಿ ಹಂಚಿಕೊಂಡು ಓದುವ ಕಾಮಿಕ್ಸ್‌ನಿಂದ ಪ್ರೀತಿ ಮೊಳೆಯುತ್ತದೆ, ಅದಕ್ಕಾಗಿ ದಪ್ಪ ಮೈಯ ಎಲಿನಾರ್ ತೆಳ್ಳಗಾಗಬೇಕಿಲ್ಲ. ಜೂಲಿ ಮರ್ಫಿಯ ‘ಡಂಪ್ಲಿನ್’ (2015) ಇನ್ನೂ ಸೂಕ್ಷ್ಮ: ತನ್ನ ಮೈಯ ಬಗ್ಗೆ ಅಳುಕಿಲ್ಲದ ವಿಲೋಡೀನ್, ಮೆಚ್ಚಿದ ಹುಡುಗ ಮುಟ್ಟಿದಾಗಲೇ ಕುಗ್ಗಿಹೋಗುತ್ತಾಳೆ. ಪ್ರೀತಿ ಸಿಕ್ಕ ಮಾತ್ರಕ್ಕೆ ನಾಚಿಕೆ ತೊಲಗುವುದಿಲ್ಲ ಎಂಬ ಸತ್ಯ ಅಲ್ಲಿದೆ. ಸ್ವತಃ ಟ್ರಾನ್ಸ್ ಮಹಿಳೆಯಾದ ಮೆರೆಡಿತ್ ರುಸ್ಸೋ ‘ಇಫ್ ಐ ವಾಸ್ ಯುವರ್ ಗರ್ಲ್’ನಲ್ಲಿ (2016) ಟ್ರಾನ್ಸ್ ಹುಡುಗಿ ಅಮಾಂಡಾಳ ಪ್ರೀತಿ ಮತ್ತು ಭಯವನ್ನು ಅವಳ ದನಿಯಲ್ಲೇ ಹೇಳಿದರು.

ಹದಿನಾರರ ಹರೆಯದಲ್ಲಿ ಕನ್ನಡಿ ಬಲು ಕ್ರೂರಿ. ಆ ವಯಸ್ಸಿನ ಓದುಗರಿಗೆ ರೂಪ ಲೆಕ್ಕಕ್ಕಿಲ್ಲ ಎಂದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಈಗಿರುವ ಮೈಯಲ್ಲೇ ನೀನು ಪ್ರೀತಿಗೆ ಅರ್ಹ ಎನ್ನುವ ಕಥೆ ಅವರಿಗೆ ಬೇಕು. ಈ ಪ್ರಕಾರ ಅಷ್ಟನ್ನು ಹೇಳಲು ದಶಕಗಳನ್ನೇ ತೆಗೆದುಕೊಂಡಿತು. ಹೇಳಿದ ಮೇಲೆ ಹಿಂದಿನ ಸುಖಾಂತ್ಯಗಳು ಸಾಲದೆನಿಸುತ್ತವೆ.