ವಿದ್ಯಾರ್ಥಿವೇತನದ ಅರ್ಜಿ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ದೇವಾಲಯದ ಕಟ್ಟಡ, ಗಂಟೆಗೋಪುರ, ಹಿಂದಿನ ಗುರುಗಳ ಸೇವೆ ಮುಂತಾದವುಗಳನ್ನು ಕುರಿತು ಇತರ ಲೇಖಕರು ಈ ಸಂಚಿಕೆಯಲ್ಲಿ ವಿಶದವಾಗಿ ಬರೆದಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಅಷ್ಟು ಘನವಾದುದಲ್ಲ. ಪ್ರತಿವರ್ಷ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಗುರುಮನೆಯ ಜಗಲಿಗೆ ಬರುತ್ತಾರೆ. ಕೈಯಲ್ಲಿ ಅಂಕಪಟ್ಟಿ ಮತ್ತು ಮಡಿಸಿದ ಪಡಿತರ ಚೀಟಿ, ಬಾಯಲ್ಲಿ ಒಂದೇ ಮಾತು: “ಸ್ವಾಮಿ, ಕಾಲೇಜಿಗೆ ಸೇರಿಸಬೇಕು, ಎಲ್ಲಾದರೂ ಸಹಾಯ ಸಿಕ್ಕೀತೆ?” ಕೇಳುವಾಗ ತಲೆ ತಗ್ಗಿಸುತ್ತಾರೆ, ಮಾಡಬಾರದ್ದನ್ನು ಮಾಡಿದವರ ಹಾಗೆ. ಈ ಬೇಡಿಕೆಗೆ ಎಂಟು ಶತಮಾನಗಳಿಗೂ ಮಿಕ್ಕಿದ ಇತಿಹಾಸವುಂಟು. ಅದನ್ನು ಬಲ್ಲವರು ತಲೆ ತಗ್ಗಿಸಲಾರರೆಂಬುದು ನಮ್ಮ ನಂಬಿಕೆ.

1179ರಲ್ಲಿ ರೋಮ್ ನಗರದಲ್ಲಿ ಸೇರಿದ ಮೂರನೆಯ ಲ್ಯಾಟೆರನ್ ಮಹಾಸಭೆಯು, ಪ್ರತಿಯೊಂದು ಪ್ರಧಾನಾಲಯದಲ್ಲಿಯೂ ಒಬ್ಬ ಉಪಾಧ್ಯಾಯನಿಗೆ ಜೀವನೋಪಾಯವನ್ನು ಕಲ್ಪಿಸಿ, ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಪಾಠ ಹೇಳಿಸತಕ್ಕದ್ದೆಂದು ವಿಧಿಸಿತು. ಮರುವರ್ಷವೇ, ಎಂದರೆ 1180ರಲ್ಲಿ, ಲಂಡನ್ನಿನ ಜೋಸಿಯಸ್ ಎಂಬ ಸದ್ಗೃಹಸ್ಥನು ಜೆರುಸಲೇಮಿನ ಯಾತ್ರೆ ಮುಗಿಸಿ ಪ್ಯಾರಿಸ್ಸಿಗೆ ಬಂದನು. ಅಲ್ಲಿಯ ಆಸ್ಪತ್ರೆಯ ಒಂದು ಕೊಠಡಿಯಲ್ಲಿ ಬಡ ವಿದ್ಯಾರ್ಥಿಗಳು ತಂಗುವುದನ್ನು ಕಂಡು, ಆ ಕೊಠಡಿಯನ್ನೇ ಹಣ ಕೊಟ್ಟು ಕೊಂಡು, ಹದಿನೆಂಟು ಮಂದಿಗೆ ಶಾಶ್ವತವಾಗಿ ಬಿಟ್ಟುಕೊಟ್ಟನು. ‘ಹದಿನೆಂಟು ಜನರ ಕಾಲೇಜು’ ಎಂದೇ ಅದಕ್ಕೆ ಹೆಸರಾಯಿತು. ಆದರೆ ಒಂದು ಷರತ್ತು ಇತ್ತು. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡಾಗ ಆ ವಿದ್ಯಾರ್ಥಿಗಳು ಸರದಿಯಂತೆ ಶಿಲುಬೆಯನ್ನೂ ತೀರ್ಥವನ್ನೂ ಹಿಡಿದು ಶವದ ಮುಂದೆ ನಡೆಯಬೇಕಾಗಿತ್ತು.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1240ರಲ್ಲಿ ಲಿಂಕನ್ನಿನ ಧರ್ಮಾಧ್ಯಕ್ಷ ರಾಬರ್ಟ್ ಗ್ರೋಸ್ಟೆಸ್ಟರು ಇನ್ನೊಂದು ಮಾರ್ಗವನ್ನು ತೆರೆದರು. ಅದಕ್ಕೆ ಮೂವತ್ತು ವರ್ಷಗಳ ಹಿಂದೆ ಊರಿನವರು ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದ್ದರು. ಆ ತಪ್ಪಿಗಾಗಿ ಬಡ ವಿದ್ಯಾರ್ಥಿಗಳ ಹೆಸರಿನಲ್ಲಿ ವರ್ಷ ವರ್ಷವೂ ದಂಡ ತೆರುತ್ತಿದ್ದರು. ಆ ಹಣವನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಬಡ್ಡಿಯಿಲ್ಲದ ಸಾಲವಾಗಿ ಕೊಡುವ ಏರ್ಪಾಡು ಆಯಿತು. ಸಾಲ ಬೇಕೆಂದವನು ಪುಸ್ತಕವನ್ನೋ ಬಟ್ಟೆಯನ್ನೋ ಒತ್ತೆಯಿಡಬೇಕು. ಓದಲು ಹಣ ಬೇಕು, ಹಣಕ್ಕೆ ಪುಸ್ತಕವನ್ನು ಒತ್ತೆಯಿಡಬೇಕು! ಇಂದಿನ ಶಿಕ್ಷಣಸಾಲದ ಕಾಗದಗಳನ್ನು ತುಂಬಿಸಿದವರಿಗೆ ಈ ಇಕ್ಕಟ್ಟು ಅಪರಿಚಿತವಲ್ಲ.

ಕೊಡುವವನು ಕೇಳುವವನಿಂದ ಯಾವಾಗಲೂ ಏನನ್ನಾದರೂ ಅಪೇಕ್ಷಿಸಿದ್ದಾನೆ: ಒಮ್ಮೆ ದುಡಿಮೆ, ಒಮ್ಮೆ ಒತ್ತೆ, ಒಮ್ಮೆ ಪ್ರಮಾಣಪತ್ರ. ಆ ಅಪೇಕ್ಷೆ ಏನೆಂಬುದರ ಮೇಲೆಯೇ ಯಾರ ಮಕ್ಕಳು ಓದಿದರು, ಯಾರ ಮಕ್ಕಳು ಓದಲಿಲ್ಲ ಎಂಬುದು ನಿರ್ಧಾರವಾಗಿದೆ.

ನಾವು ಸಹ ಅರ್ಜಿಯ ಕೂಸುಗಳೇ. 1889ರಲ್ಲಿ ಜಪಾನಿನ ನಾಗಸಾಕಿಯ ಧರ್ಮಾಧ್ಯಕ್ಷ ಕುಝೆನ್ ಅವರು, ತಮ್ಮ ಗುರುಮಠದ ವಿದ್ಯಾರ್ಥಿಗಳನ್ನು ಓದಿಸಲು ಹಣವಿಲ್ಲವೆಂದು ಫ್ರಾನ್ಸಿನ ಕಾನ್ ನಗರದ ಸ್ಟೆಫಾನಿ ಬಿಗಾರ್ ಮತ್ತು ಅವರ ಮಗಳು ಜಾನ್ ಬಿಗಾರ್ ಅವರಿಗೆ ಕಾಗದ ಬರೆದರು. ಆ ಒಂದು ಕಾಗದದಿಂದ ಹುಟ್ಟಿದ್ದೇ ಪ್ರೇಷಿತ ಸಂತ ಪೇತ್ರರ ನಿಧಿ. ನಮ್ಮಂಥ ಎಷ್ಟೋ ಬಡವರ ಮಕ್ಕಳು ಗುರುಮಠದಲ್ಲಿ ಉಂಡು ಓದಿದ್ದು ಅಂಥ ನಿಧಿಗಳಿಂದ. ಕೇಳಿದ್ದಕ್ಕಾಗಿ ಆ ಧರ್ಮಾಧ್ಯಕ್ಷರನ್ನು ಯಾರೂ ಹೀನಾಯವಾಗಿ ಕಂಡಿಲ್ಲ.

ಇನ್ನು ನಮ್ಮ ನಾಡಿನ ಮಾತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. 1919ರಲ್ಲಿ ಬಂದ ಅದರ ವರದಿಯು ಹಿಂದುಳಿದ ಸಮಾಜಗಳಿಗೆ ನೌಕರಿಯ ಜೊತೆಗೆ ವಿದ್ಯಾರ್ಥಿವೇತನವನ್ನೂ ಹೇಳಿತು. ಅಂದಿನಿಂದ ಅರ್ಜಿಯಲ್ಲಿ ‘ಜಾತಿ’ ಎಂಬ ಅಂಕಣಕ್ಕೆ ತೂಕ ಬಂದಿತು. ನೌಕರಿಯೂ ವಿದ್ಯೆಯೂ ಒಂದೇ ಕೈಗೆ ಸೇರಿದ್ದ ಕಾಲದಲ್ಲಿ ಜಾತಿಯನ್ನು ಕೇಳದೆ ನ್ಯಾಯ ಮಾಡುವ ದಾರಿಯಿರಲಿಲ್ಲ.

ಡಾ. ಬಿ. ಆರ್. ಅಂಬೇಡ್ಕರ್ ಅವರು ಸ್ವತಃ ವಿದ್ಯಾರ್ಥಿವೇತನದಿಂದ ಓದಿದವರು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅವರನ್ನು ಅಮೆರಿಕಕ್ಕೆ ಕಳುಹಿಸಿದರು; ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂಬ ಕರಾರಿಗೆ ಅವರು ಸಹಿ ಹಾಕಿದ್ದರು. ವೈಸರಾಯರ ಕಾರ್ಯಾಂಗ ಸಭೆಯ ಸದಸ್ಯರಾದಾಗ ಅವರು 1942ರಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಮನವಿಯನ್ನು ಸಲ್ಲಿಸಿ, ವಿದ್ಯಾರ್ಥಿವೇತನಕ್ಕಾಗಿ ಒತ್ತಾಯಿಸಿದರು. ಇಂದಿಗೂ ಲಕ್ಷಾಂತರ ಮಕ್ಕಳು ಬಲ್ಲ ‘ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ’ 1944ರಲ್ಲಿ ಆರಂಭವಾಯಿತು.

ಇಲ್ಲಿ ನಮ್ಮ ಜನರ ಮಟ್ಟಿಗೆ ಒಂದು ಬಾಗಿಲು ಮುಚ್ಚಿಯೇ ಇತ್ತೆಂಬುದನ್ನು ಹೇಳದೆ ಹೋದರೆ ಈ ಬರವಣಿಗೆ ಅಪೂರ್ಣವಾದೀತು. ಬ್ರಿಟಿಷರ 1936ರ ಆಜ್ಞೆಯು, ಭಾರತೀಯ ಕ್ರೈಸ್ತನು ಪರಿಶಿಷ್ಟ ಜಾತಿಯವನಲ್ಲವೆಂದು ಹೇಳಿತ್ತು. ಸ್ವಾತಂತ್ರ್ಯದ ನಂತರ, 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆಜ್ಞೆಯ ಮೂರನೆಯ ಪರಿಚ್ಛೇದವೂ ಆ ಬಾಗಿಲನ್ನು ತೆರೆಯಲಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆಯಿತು. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗವು 2007ರಲ್ಲಿ ಆ ಪರಿಚ್ಛೇದವನ್ನೇ ತೆಗೆದುಹಾಕಲು ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಮತ್ತೆ ನೇಮಿಸಲಾಯಿತು. ಒಂದೇ ಕೇರಿಯ ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಒಬ್ಬನಿಗೆ ವಿದ್ಯಾರ್ಥಿವೇತನವಿದ್ದು ಮತ್ತೊಬ್ಬನಿಗೆ ಇಲ್ಲದ್ದನ್ನು ನಾವು ಕಂಡಿದ್ದೇವೆ. ಜ್ಞಾನಸ್ನಾನದ ನೀರಿನಿಂದ ಪಾಪ ಪರಿಹಾರವಾಗುತ್ತದೆಂದು ನಾವು ಬೋಧಿಸುತ್ತೇವೆ. ಬಡತನವೂ ಅಸ್ಪೃಶ್ಯತೆಯೂ ಅದರಲ್ಲಿ ಕೊಚ್ಚಿಹೋಗುತ್ತವೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ. ಕರ್ನಾಟಕದಲ್ಲಿ ಸ್ವಲ್ಪ ಸಮಾಧಾನವುಂಟು. ದೇವರಾಜ ಅರಸರ ಕಾಲದಲ್ಲಿ 1972ರಲ್ಲಿ ನೇಮಕಗೊಂಡ ಹಾವನೂರರ ಆಯೋಗವು 1975ರಲ್ಲಿ ವರದಿಯಿತ್ತು, ಹಿಂದುಳಿದ ವರ್ಗಗಳ ಲೆಕ್ಕಾಚಾರಕ್ಕೆ ಹೊಸ ಹಾದಿ ಹಾಕಿತು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿಯೂ, ಇತರ ಕ್ರೈಸ್ತರು 3-ಬಿಯಲ್ಲಿಯೂ ಸೇರಿದ್ದಾರೆ. ಈ ಭೇದವನ್ನರಿಯದೆ ಪ್ರವರ್ಗ-1ಕ್ಕೆ ಸೇರಬೇಕಾದವರು ‘ಕ್ರೈಸ್ತ’ ಎಂದಷ್ಟೇ ಬರೆದು ಬಂದ ಪ್ರಸಂಗಗಳು ನಮ್ಮಲ್ಲೇ ಇವೆ.

ಉಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1963ರಲ್ಲಿ ಕೇಂದ್ರ ಸರ್ಕಾರವು ಬಡ್ಡಿಯಿಲ್ಲದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವನ್ನು ತೆರೆಯಿತು. ಸಾಲ ಪಡೆದವನು ಮುಂದೆ ಉಪಾಧ್ಯಾಯನಾದರೆ ವರ್ಷಕ್ಕೆ ಹತ್ತರಲ್ಲೊಂದು ಪಾಲು ಮನ್ನಾ ಆಗುತ್ತಿತ್ತು. ಆ ಯೋಜನೆ ಈಗಿಲ್ಲ. ಸಾಚಾರ್ ಸಮಿತಿಯು 2006ರಲ್ಲಿ ವರದಿ ಸಲ್ಲಿಸಿದ ಬಳಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ಬಂದ ಮೆಟ್ರಿಕ್ ನಂತರದ ಯೋಜನೆಯಲ್ಲಿ ಕ್ರೈಸ್ತರೂ ಸೇರಿದರು. ಶೇಕಡಾ 50 ಅಂಕ, ವರ್ಷಕ್ಕೆ ಎರಡು ಲಕ್ಷ ರೂಪಾಯಿ ಮೀರದ ಕುಟುಂಬದ ಆದಾಯ, ಹೆಣ್ಣುಮಕ್ಕಳಿಗೆ ಶೇಕಡಾ 30 ಮೀಸಲು, ಇವು ಅದರ ನಿಯಮಗಳಾಗಿದ್ದವು.

ಈಗ ಕಾಗದದ ಅರ್ಜಿ ಹೋಗಿ ಗಣಕಯಂತ್ರದ ಅರ್ಜಿ ಬಂದಿದೆ. ಯಂತ್ರಕ್ಕೆ ನಮ್ಮ ಹೆಸರುಗಳ ಚರಿತ್ರೆ ತಿಳಿಯದು. ಪೀಟರ್ ನಮ್ಮ ಬಾಯಲ್ಲಿ ರಾಯಪ್ಪ, ಪೌಲ್ ಚಿನ್ನಪ್ಪ, ಜಾನ್ ಅರುಳಪ್ಪ, ಇಗ್ನೇಷಿಯಸ್ ಇನ್ನಾಸಪ್ಪ, ಕ್ಸೇವಿಯರ್ ಚೌರಪ್ಪ. ಹಳೆಯ ಫ್ರೆಂಚ್ ಗುರುಗಳು ಜ್ಞಾನಸ್ನಾನದ ಪುಸ್ತಕವನ್ನು ಲ್ಯಾಟಿನ್ನಿನಲ್ಲಿ ಬರೆದರು, ಶಾಲೆಯವರು ಇಂಗ್ಲಿಷಿನಲ್ಲಿ ಬರೆದರು, ಪಡಿತರ ಚೀಟಿಯವರು ಕೇಳಿದ ಹಾಗೆ ಬರೆದರು. ಒಬ್ಬನೇ ತಂದೆ ಕಾಗದದಲ್ಲಿ ಇಬ್ಬರಾದನು.

ಕೆಲವು ವರ್ಷಗಳ ಹಿಂದೆ ಕೂಲಿ ಮಾಡುವವರೊಬ್ಬರ ಮಗಳು ಪಿ.ಯು.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ನಮ್ಮಲ್ಲಿಗೆ ಬಂದಿದ್ದಳು. ಆಕೆಯ ತಂದೆಯ ಹೆಸರು ಹೀಗೆಯೇ ಎರಡಾಗಿತ್ತು. ಅದನ್ನು ಕಂಡರೂ ನಾವು, “ಪರವಾಗಿಲ್ಲ ಮಗಳೇ, ಎರಡೂ ಒಂದೇ ಎಂದು ಚೀಟಿ ಬರೆದುಕೊಡುತ್ತೇವೆ” ಎಂದೆವು. ಗುರುಗಳ ಚೀಟಿ ನಡೆಯದು, ನೋಟರಿಯ ಮುಂದೆ ಮಾಡಿದ ಅಫಿಡವಿಟ್ ಬೇಕು ಎಂದು ಅರ್ಜಿ ಹಿಂದಕ್ಕೆ ಬಂದಿತು. ಅದನ್ನು ಮಾಡಿಸಿ ತರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿತ್ತು. ಆ ವರ್ಷ ಆಕೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋದಳು. ಮರುವರ್ಷ ವಿನ್ಸೆಂಟ್ ದಿ ಪೌಲ್ ಸಭೆಯವರು ಪ್ರವೇಶ ಶುಲ್ಕ ಕಟ್ಟಿದರು. ಸರಿಯಾದ ಕಾಗದಗಳಿಂದ ವಿದ್ಯಾರ್ಥಿವೇತನವೂ ದೊರೆಯಿತು. ಆದರೆ ಹೋದ ಆ ಒಂದು ವರ್ಷ ನಮ್ಮ ಅಲಕ್ಷ್ಯದ್ದು. ಆಕೆ ಎಂದೂ ಅದನ್ನು ನಮಗೆ ಹೇಳಲಿಲ್ಲ. ಆಕೆಯ ತಾಯಿ ಒಮ್ಮೆ ಹೇಳಿದರು.

ಆದುದರಿಂದ ಮುಂದಿನ ವರ್ಷ ಬರುವವರು ಫಲಿತಾಂಶದವರೆಗೆ ಕಾಯದೆ, ತಪಸ್ಸುಕಾಲದಲ್ಲಿಯೇ ಮಗುವಿನ ಹತ್ತನೆಯ ತರಗತಿಯ ಅಂಕಪಟ್ಟಿ, ತಂದೆತಾಯಿಗಳ ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಇವುಗಳನ್ನು ತಂದು ತೋರಿಸಬೇಕಾಗಿ ಕೋರುತ್ತೇವೆ. ಹೆಸರುಗಳು ಅಕ್ಷರಶಃ ಹೊಂದುತ್ತವೆಯೇ ಎಂದು ಕೂಡಿ ನೋಡೋಣ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಪ್ರವರ್ಗವನ್ನು ಕೇಳಿ ಬರೆಸಿರಿ. ಪತ್ರ ಕೈಗೆ ಬಂದಾಗ ಅದರ ಆರ್.ಡಿ. ಸಂಖ್ಯೆಯನ್ನು ಬೇರೆಡೆ ಬರೆದಿಡಿರಿ. ಭಾನುವಾರದ ಎರಡನೆಯ ಪೂಜೆಯ ನಂತರ ಗುರುಮನೆಯ ಕಚೇರಿ ತೆರೆದಿರುತ್ತದೆ.