ಹುಲ್ಲಿಗೆ ಶಾಸನವಿಲ್ಲ

ಗುತ್ತಲದ ಹೆಸರು ಚರಿತ್ರೆಯ ಪುಸ್ತಕದಾಗ ಐತಿ. 12-13ನೆಯ ಶತಮಾನದಲ್ಲಿ ಇಲ್ಲಿಂದ ಆಳಿದ ಗುತ್ತರು, ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಕಲ್ಲಿನಲ್ಲಿ ಕೆತ್ತಿಸಿಕೊಂಡರು. ಸರಿ. ಅವರ ಕುದುರೆಗಳಿಗೆ ಹುಲ್ಲು ಕೊಯ್ದವರು ಯಾರು? ಕಲ್ಲು ಮಾತಾಡೋದಿಲ್ಲ. ಮನೆತನದಾಗ ಮೊದಲ ಸಲ ಡಿಗ್ರಿ ಓದಿದ ನಾವು ಕೇಳದಿದ್ದರೆ ಇದನ್ನು ಇನ್ಯಾರು ಕೇಳಬೇಕು?

ಗುತ್ತಲದ ದಕ್ಷಿಣಕ್ಕೆ, ರಾಣೆಬೆನ್ನೂರಿನ ಸುತ್ತ, ಒಣ ಹುಲ್ಲಿನ ಬಯಲು. ಕುರಿ ಕಾಯುವವರಿಗೆ ಅದು ಮೇವು. ಹೊಲವಿಲ್ಲದವರಿಗೆ ಆಕಳ ಹುಲ್ಲು, ಒಲೆಯ ಪುಳ್ಳಿ. ಕಾಗದದ ಮೇಲೆ ಮಾತ್ರ ಅದು ಬೀಳು ಭೂಮಿ. ಬೀಳು ಅಂದಮೇಲೆ ಏನು ಬೇಕಾದರೂ ನೆಡಬಹುದಲ್ಲ! ನೀಲಗಿರಿ ನೆಟ್ಟರು.

1974ರಲ್ಲಿ ಇಲ್ಲಿನ 119 ಚದರ ಕಿಲೋಮೀಟರು ನೆಲ ಕೃಷ್ಣಮೃಗ ಅಭಯಾರಣ್ಯವಾಯಿತು. ನಮ್ಮ ಮಂದಿಗೆ ಅದು ಚಿಗರಿ. ಚಿಗರಿ ಉಳಿದದ್ದು ಒಳ್ಳೆಯದೇ. ಆದರೆ ಬಯಲಿನ ಜೀವಕ್ಕೆ ನೀಲಗಿರಿ ತೋಪು ಮನೆಯಲ್ಲ. ಅದರ ಕೆಳಗೆ ಹುಲ್ಲು ಸೊರಗುತ್ತದೆ. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಇಲ್ಲಿಂದ ಮಾಯವಾಯಿತು. ಪಟ್ಟಣದವರು ರಜಾ ದಿನ ಚಿಗರಿ ನೋಡಾಕ ಬರ್ತಾರ, ಫೋಟೋ ಹೊಡಕೊಂಡು ಹೋಗ್ತಾರ. ಅದೇ ಹಿಂಡು ಸಣ್ಣ ರೈತನ ಬೆಳೆ ಮೇಯ್ದರೆ ರಾತ್ರಿಯೆಲ್ಲ ಹೊಲ ಕಾಯೋದು ಅವನ ಹಣೆಬರಹ.

1984ರಲ್ಲಿ 'ಬೀಳು' ಎಂಬ ಮಾತು ಇನ್ನೂ ದೊಡ್ಡದಾಯಿತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ನಾಡಿನ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಯುವ ಯೋಜನೆ. ಊರ ದನ ಮೇಯುವ ನೆಲವೂ ಅದರೊಳಗಿತ್ತು. ಇದೇ ಜಿಲ್ಲೆಯ, ಆಗ ಧಾರವಾಡಕ್ಕೆ ಸೇರಿದ್ದ, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೊ-ಹಚ್ಚಿಕೊ' ಎಂದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ಒಪ್ಪಬೇಕಾಯಿತು.

ಗೆಳೆಯರೇ, ಬೀಳು ಎನ್ನುವುದು ನೆಲದ ಗುಣವಲ್ಲ. ಅಲ್ಲಿ ಬದುಕುವವರನ್ನು ಲೆಕ್ಕಕ್ಕೆ ಹಿಡಿಯದವರು ಇಟ್ಟ ಹೆಸರು. ಊರ ಹೊರಗೆ ನಿಲ್ಲಿಸಿದ ನಮಗೆ ಇಂಥ ಹೆಸರಿಡುವ ಆಟ ಹೊಸದೇನಲ್ಲ.

ಹಳ್ಳಿಯ ಮಾಸ್ತರರೇ, ಗುತ್ತರ ವಂಶಾವಳಿ ಕಲಿಸ್ರಿ, ಬ್ಯಾಡ ಅನ್ನೋದಿಲ್ಲ. ಒಂದು ದಿನ ಕುರಿ ಕಾಯೋ ಅಜ್ಜನನ್ನೂ, ಹುಲ್ಲಿನ ಹೊರೆ ಹೊತ್ತ ಅವ್ವನನ್ನೂ ಶಾಲೆಗೆ ಕರೀರಿ. ಮಿರಗದ ಮಳೆಗೆ ಯಾವ ಹುಲ್ಲು ಮೊದಲು ಚಿಗುರುತ್ತಿತ್ತು, ಯಾವುದು ಈಗ ಇಲ್ಲ, ಅವರು ಹೇಳಲಿ. ಹುಡುಗರು ಬರೆದುಕೊಳ್ಳಲಿ. ನಮ್ಮ ಶಾಸನ ಅಲ್ಲಿಂದ ಶುರುವಾಗಲಿ.